ಬಾಯಿ ಬಿಡಿಸುವ ಮೊದಲು ದವಡೆ ಬೆಳೆಸಿದ್ದು: ಬದಿಯಡ್ಕ ಕಡೆಯ ಒಂದು ಪ್ರಕರಣ

ಹುಡುಗನಿಗೆ 14 ವರ್ಷ. ಕಾಸರಗೋಡು ಜಿಲ್ಲೆಯ ಬದಿಯಡ್ಕ ಮತ್ತು ಪೆರ್ಲದ ನಡುವೆ ಅಡಿಕೆ ತೋಟದ ಮನೆ, ಕನ್ನಡ ಮಾಧ್ಯಮದಲ್ಲಿ ಎಂಟನೆಯ ತರಗತಿ. ಬಾಯಿ ತೆರೆದರೆ ಮೇಲಿನ ಮತ್ತು ಕೆಳಗಿನ ಎದುರು ಹಲ್ಲುಗಳ ನಡುವೆ ಸಿಗುವ ಜಾಗ 4 ಮಿ.ಮೀ. ಮಾತ್ರ. ಅವನ ವಯಸ್ಸಿಗೆ ಅದು 40 ಮಿ.ಮೀ. ಆಸುಪಾಸು ಇರಬೇಕು. ಮನೆಯವರು ಬಂದದ್ದು ಬಾಯಿ ಬಿಡಿಸಿಕೊಡಿ ಎಂದು ಕೇಳಲು. ಆದರೆ ನಾವು ಮೊದಲು ಮಾಡಿದ ಶಸ್ತ್ರಕ್ರಿಯೆಯಿಂದ ಬಾಯಿ ಒಂದು ಮಿಲಿಮೀಟರೂ ಹೆಚ್ಚು ತೆರೆಯಲಿಲ್ಲ. ಮತ್ತೂ ಮೂರೂವರೆ ತಿಂಗಳು ಅದು ಹಾಗೆಯೇ ಇತ್ತು. ಆ ಅವಧಿಯಲ್ಲಿ, ದವಡೆಯ ಎಲುಬನ್ನು ಕತ್ತರಿಸಿ ಸ್ಕ್ರೂ ಉಪಕರಣದಿಂದ ದಿನವೂ ಸ್ವಲ್ಪ ಸ್ವಲ್ಪವೇ ಎಳೆದು, ಕೆಳದವಡೆಯನ್ನು 18 ಮಿ.ಮೀ. ಮುಂದೆ ತಂದೆವು. ಈ ಕ್ರಮವನ್ನು ಯಾಕೆ ಆರಿಸಿದ್ದು, ಹೇಗೆ ಮಾಡಿದ್ದು, ಮನೆಯಲ್ಲಿ ಲೆಕ್ಕ ಎಲ್ಲಿ ತಪ್ಪಿತು ಎಂಬುದನ್ನು ಇಲ್ಲಿ ಬರೆದಿದ್ದೇವೆ. ಯಾವ ಒಬ್ಬ ರೋಗಿಯ ಗುರುತೂ ಸಿಗದಂತೆ, ಇಂಥ ಹಲವು ಮಕ್ಕಳಲ್ಲಿ ಕಾಣುವ ವಿವರಗಳನ್ನು ಸೇರಿಸಿ ಒಂದೇ ಪ್ರಕರಣವಾಗಿ ಕಟ್ಟಿದ್ದೇವೆ.

ಹುಡುಗ ನಾಲ್ಕು ವರ್ಷದವನಿದ್ದಾಗ ಮಳೆಗಾಲದಲ್ಲಿ ಹಾವಸೆ ಹಿಡಿದ ಮುರಕಲ್ಲಿನ ಮೆಟ್ಟಿಲಲ್ಲಿ ಜಾರಿ, ಗದ್ದ ಊರಿ ಬಿದ್ದಿದ್ದ. ಗದ್ದ ಸೀಳಿತ್ತು, ಹೊಲಿಗೆ ಹಾಕಿಸಿದರು, ಗಾಯ ವಾರದಲ್ಲಿ ಮಾಯಿತು. ಕಿವಿಯ ಮುಂದಿನ ಕೀಲನ್ನು ಯಾರೂ ನೋಡಲಿಲ್ಲ. ಗದ್ದಕ್ಕೆ ಬಿದ್ದ ಪೆಟ್ಟು ದವಡೆಯ ಉದ್ದಕ್ಕೂ ಸಾಗಿ ಎರಡೂ ಕೀಲುಗಳ ತಲೆಗೆ ತಾಗುತ್ತದೆ. ಸಣ್ಣ ಮಕ್ಕಳಲ್ಲಿ ಆ ತಲೆ ಮೆದು, ರಕ್ತ ತುಂಬಿದ್ದು, ಅದರ ಕುತ್ತಿಗೆ ಗಿಡ್ಡ. ಹಾಗಾಗಿ ಅದು ಮುರಿಯುವ ಬದಲು ಕೀಲಿನ ಚೀಲದೊಳಗೇ ಜಜ್ಜಿಹೋಗುತ್ತದೆ. ಒಳಗೆ ರಕ್ತ ನಿಲ್ಲುತ್ತದೆ. ನೋವಿಗೆ ಮಗು ಬಾಯಿ ಆಡಿಸುವುದಿಲ್ಲ. ಆಡಿಸದ ಕೀಲಿನಲ್ಲಿ ನಿಂತ ರಕ್ತ ತಿಂಗಳುಗಳಲ್ಲಿ ನಾರಾಗಿ, ವರ್ಷಗಳಲ್ಲಿ ಎಲುಬಾಗಿ ಕೀಲನ್ನು ತಲೆಬುರುಡೆಗೆ ಬೆಸೆಯುತ್ತದೆ. ಇದೇ ಆಂಕಿಲೋಸಿಸ್. ಕಿವಿ ಸೋರುವಿಕೆಯ ಸೋಂಕು ಕೀಲಿಗೆ ಹರಡಿದರೂ ಹೀಗಾಗುವುದುಂಟು. ಮಕ್ಕಳ ಕೆಳದವಡೆಯ ಬೆಳವಣಿಗೆಗೆ ಕೀಲಿನ ತಲೆಯ ಪಾಲು ದೊಡ್ಡದು. ಅದು ಕೆಟ್ಟರೆ ಬಾಯಿ ಮುಚ್ಚಿಕೊಳ್ಳುವುದರ ಜೊತೆಗೆ ದವಡೆ ಬೆಳೆಯುವುದೂ ಕುಂಠಿತವಾಗುತ್ತದೆ.

ಗದ್ದಕ್ಕೆ ಹೊಲಿಗೆ ಹಾಕುವ ಪ್ರತಿಯೊಂದು ಮಗುವಿನ ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆಸಿ ನೋಡಬೇಕು, ಎರಡು ವಾರ ಬಿಟ್ಟು ಮತ್ತೊಮ್ಮೆ ನೋಡಬೇಕು. ಒಂದು ನಿಮಿಷದ ಕೆಲಸ. ಇದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೊಲಿಗೆ ಹಾಕುವವರೆಲ್ಲರೂ ಮಾಡಿದರೆ ಮುಂದೆ ಬರೆದಿರುವ ಎರಡು ದೊಡ್ಡ ಶಸ್ತ್ರಕ್ರಿಯೆಗಳು ಎಷ್ಟೋ ಮಕ್ಕಳಿಗೆ ಬೇಕಾಗುವುದಿಲ್ಲ.

ರಾತ್ರಿಯ ಉಸಿರು

ತಾಯಿ ಬಾಯಿಯ ಬಗ್ಗೆ ಹೇಳಿ ಮುಗಿಸಿದ ಮೇಲೆ ರಾತ್ರಿ ಹೇಗೆ ಮಲಗುತ್ತಾನೆ ಎಂದು ಕೇಳಿದೆವು. "ಮಲಗಿದರೆ ಉಸಿರು ಕಟ್ಟುತ್ತದೆ ಡಾಕ್ಟ್ರೇ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾನೆ" ಎಂದರು. ಗೊರಕೆ ಚಾವಡಿಯವರೆಗೂ ಕೇಳುತ್ತದೆ, ಗೊರಕೆ ಒಮ್ಮೆಲೇ ನಿಂತರೆ ಅಜ್ಜಿ ಎದ್ದು ಬಂದು ಅಲುಗಾಡಿಸುತ್ತಾರೆ ಎಂದರು. ಈ ವಯಸ್ಸಿನಲ್ಲೂ ಹಾಸಿಗೆಯಲ್ಲಿ ಮೂತ್ರ ಹೋಗುತ್ತಿತ್ತು. ಶಾಲೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ. ಉದಾಸೀನದ ಹುಡುಗ ಎಂದು ಹೆಸರಾಗಿತ್ತು. ತೂಕ 29 ಕೆ.ಜಿ. ಉದಾಸೀನ ಎಂದು ಎಲ್ಲರೂ ತಿಳಿದದ್ದು ನಿಜಕ್ಕೂ ಆಮ್ಲಜನಕದ ಕೊರತೆ.

ನಿದ್ರಾ ಪರೀಕ್ಷೆಯಲ್ಲಿ ಗಂಟೆಗೆ 42 ಸಲ ಉಸಿರು ನಿಲ್ಲುವುದು ಅಥವಾ ಕುಂದುವುದು ಕಂಡಿತು. ಮಕ್ಕಳಲ್ಲಿ 10 ದಾಟಿದರೇ ತೀವ್ರ ಎಂದು ಲೆಕ್ಕ. ರಕ್ತದ ಆಮ್ಲಜನಕ ಶೇ. 68ರವರೆಗೆ ಇಳಿದಿತ್ತು. ಪಾರ್ಶ್ವದ ಎಕ್ಸ್‌ರೇಯಲ್ಲಿ ನಾಲಿಗೆಯ ಬುಡಕ್ಕೂ ಗಂಟಲಿನ ಹಿಂಗೋಡೆಗೂ ನಡುವೆ 3 ಮಿ.ಮೀ. ದಾರಿ, ಸಾಮಾನ್ಯವಾಗಿ ಅಲ್ಲಿ 10 ಮಿ.ಮೀ. ಸುತ್ತಮುತ್ತ ಇರುತ್ತದೆ. ತಲೆಬುರುಡೆಯ ತಳಕ್ಕೆ ಹೋಲಿಸಿ ಕೆಳದವಡೆಯ ಸ್ಥಾನ ಹೇಳುವ ಎಸ್‌ಎನ್‌ಬಿ ಕೋನ 80 ಡಿಗ್ರಿ ಇರಬೇಕಾದಲ್ಲಿ 68 ಡಿಗ್ರಿ. ಮೇಲಿನ ಎದುರು ಹಲ್ಲು ಕೆಳಗಿನದಕ್ಕಿಂತ 16 ಮಿ.ಮೀ. ಮುಂದೆ ಚಾಚಿತ್ತು. ಸಿ.ಟಿ. ಸ್ಕ್ಯಾನ್‌ನಲ್ಲಿ ಎರಡೂ ಕೀಲುಗಳ ಜಾಗದಲ್ಲಿ ಎಲುಬಿನ ಗಟ್ಟಿ ಮುದ್ದೆ, ಕೀಲಿನ ಸಂದು ಎಲ್ಲೂ ಇಲ್ಲ. ದೀರ್ಘಕಾಲ ಆಮ್ಲಜನಕ ಕಡಿಮೆಯಾದವರಲ್ಲಿ ಹೃದಯದ ಬಲಭಾಗಕ್ಕೆ ಒತ್ತಡ ಬೀಳುವುದರಿಂದ ಎಕೋ ಮಾಡಿಸಿದೆವು. ಒತ್ತಡ ತುಸು ಹೆಚ್ಚು, ಅರಿವಳಿಕೆ ಕೊಡಲು ತೊಂದರೆಯಿಲ್ಲದಷ್ಟು.

ಯಾವುದು ಮೊದಲು

ಮನೆಯವರ ಎಣಿಕೆಯಂತೆ ಮೊದಲು ಕೀಲು ಬಿಡಿಸಬೇಕು. ಹಿಂದೆ ನಮ್ಮಲ್ಲಿ ಹೆಚ್ಚಿನ ಕಡೆ ಹಾಗೆಯೇ ಮಾಡುತ್ತಿದ್ದರು. ಈ ಹುಡುಗನಲ್ಲಿ ಅದು ಅಪಾಯಕ್ಕೆ ದಾರಿ. ಕೀಲಿನ ಮುದ್ದೆಯನ್ನು ಕತ್ತರಿಸಿ ತೆಗೆದರೆ ದವಡೆಗೆ ಹಿಂದೆ ಇರುವ ಏಕೈಕ ಊರುಗೋಲೂ ಹೋಗುತ್ತದೆ. ಮಲಗಿದಾಗ ದವಡೆ, ಅದಕ್ಕೆ ಅಂಟಿಕೊಂಡಿರುವ ನಾಲಿಗೆ, ಎರಡೂ ಇನ್ನಷ್ಟು ಹಿಂದಕ್ಕೆ ಸರಿದು ಇರುವ 3 ಮಿ.ಮೀ. ದಾರಿಯೂ ಮುಚ್ಚಬಹುದು. ಉಸಿರಾಟದ ನಳಿಗೆ ತೆಗೆದ ಮೊದಲ ರಾತ್ರಿಯೇ ಗಂಡಾಂತರದ್ದು. ಗಂಟಲಿಗೆ ತೂತು ಕೊರೆದು ತಿಂಗಳುಗಟ್ಟಲೆ ಟ್ರಕಿಯಾಸ್ಟಮಿ ನಳಿಗೆ ಇಡಬೇಕಾದೀತು; ತೋಟದ ಮನೆಯಲ್ಲಿ ಅದನ್ನು ನೋಡಿಕೊಳ್ಳುವುದು ಸುಲಭವಲ್ಲ.

ಇನ್ನೊಂದು ಕಾರಣ ಯಂತ್ರಶಾಸ್ತ್ರದ್ದು. ಎಲುಬನ್ನು ಕತ್ತರಿಸಿ ಎಳೆಯುವಾಗ ಮುಂದಿನ ತುಂಡು ಮುಂದಕ್ಕೆ ಹೋಗಬೇಕಾದರೆ ಹಿಂದಿನ ತುಂಡು ಕದಲದೆ ನಿಲ್ಲಬೇಕು. ಬೆಸೆದ ಕೀಲು ಆ ಕೆಲಸಕ್ಕೆ ಗಟ್ಟಿ ಆಧಾರ. ಕೀಲು ಮೊದಲೇ ಬಿಡಿಸಿದ್ದರೆ ಹಿಂದಿನ ತುಂಡು ಹೊಸದಾಗಿ ಮಾಡಿದ ಸಂದಿನೊಳಕ್ಕೆ ನುಗ್ಗುತ್ತದೆ. ಸಂದು ಮುಚ್ಚಿ ಮತ್ತೆ ಬೆಸೆದುಕೊಳ್ಳುವ ಸಂಭವ ಹೆಚ್ಚು. ಎರಡನ್ನೂ ಒಂದೇ ಸಲ ಮಾಡುವ ಪದ್ಧತಿಯೂ ಉಂಟು. ಆಗ ಬಾಯಿ ಆಡಿಸುವ ವ್ಯಾಯಾಮವೂ ಸ್ಕ್ರೂ ತಿರುಗಿಸುವ ಕೆಲಸವೂ ಒಂದೇ ವಾರದಲ್ಲಿ ಬಂದು, ನೋವಿಗೆ ಮಗು ಎರಡನ್ನೂ ಬಿಡುತ್ತದೆ. ಉಸಿರಿನ ತೊಂದರೆ ಇಲ್ಲದ ಮಗುವಾದರೆ ನಮ್ಮ ಆಯ್ಕೆ ಬೇರೆಯಾಗುತ್ತಿತ್ತು.

ಬಾಯಿ ಇನ್ನೂ ಮೂರೂವರೆ ತಿಂಗಳು ತೆರೆಯುವುದಿಲ್ಲ ಎಂಬುದನ್ನು ಒಪ್ಪಿಸಲು ಹೊತ್ತು ಹಿಡಿಯಿತು. ಎಕ್ಸ್‌ರೇಯಲ್ಲಿ ಆ 3 ಮಿ.ಮೀ. ಗೆರೆಯನ್ನು ತೋರಿಸಿದ ಮೇಲೆ, ರಾತ್ರಿಯೆಲ್ಲ ಎದ್ದು ಕೂರುವ ಅಜ್ಜಿಯೇ ಮೊದಲು ಒಪ್ಪಿದರು.

ಎಲುಬನ್ನು ಎಳೆದು ಬೆಳೆಸುವ ಈ ವಿದ್ಯೆ ಬಂದದ್ದು ಕಾಲಿನ ಶಸ್ತ್ರಚಿಕಿತ್ಸೆಯಿಂದ. 1905ರಲ್ಲಿ ಇಟಲಿಯ ಕೊಡಿವಿಲ್ಲಾ ತೊಡೆಯೆಲುಬನ್ನು ಉದ್ದ ಮಾಡಿದ ವರದಿ ಪ್ರಕಟಿಸಿದರು. ಸೈಬೀರಿಯದ ಕುರ್ಗಾನ್‌ನಲ್ಲಿ ಇಲಿಜಾರೊವ್ 1950ರ ದಶಕದಿಂದ ಮುಂದೆ ಅದಕ್ಕೆ ನಿಯಮಗಳನ್ನು ಕಂಡುಕೊಂಡರು. ದಿನಕ್ಕೆ ಎಷ್ಟು ಎಳೆಯಬೇಕು, ಎಷ್ಟು ಕಂತಿನಲ್ಲಿ, ಯಾವಾಗ ನಿಲ್ಲಿಸಿ ಕಾಯಬೇಕು ಎಂಬುದೆಲ್ಲ ಅಲ್ಲಿಂದ ಬಂದದ್ದು. ದವಡೆಯ ಮೇಲೆ 1973ರಲ್ಲಿ ಸ್ನೈಡರ್ ತಂಡ ನಾಯಿಗಳಲ್ಲಿ ಪ್ರಯೋಗ ಮಾಡಿತು. ಮಕ್ಕಳ ದವಡೆಯನ್ನು ಹೀಗೆ ಉದ್ದ ಮಾಡಿದ ಮೆಕಾರ್ಥಿ ತಂಡದ ವರದಿ ನ್ಯೂಯಾರ್ಕ್‌ನಿಂದ ಬಂದದ್ದು 1992ರಲ್ಲಿ.

ಥಿಯೇಟರಿನಲ್ಲಿ

ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಅಪಾಯದ ಹೊತ್ತು ಎಲುಬು ಕತ್ತರಿಸುವುದಲ್ಲ, ನಳಿಗೆ ಹಾಕುವುದು. ಬಾಯಿ ತೆರೆಯದು, ಗಂಟಲು ಕಿರಿದು. ನಿದ್ದೆಯ ಔಷಧಿ ಕೊಟ್ಟ ಕೂಡಲೇ ಉಸಿರು ಕಟ್ಟುತ್ತದೆ. ಆದ್ದರಿಂದ ಎಚ್ಚರವಿರುವಾಗಲೇ, ಮೂಗಿನ ಮೂಲಕ ಫೈಬರ್‌ಆಪ್ಟಿಕ್ ದುರ್ಬೀನು ಇಳಿಸಿ ಅದರ ಮೇಲಿಂದ ನಳಿಗೆ ಜಾರಿಸಬೇಕು. ಮೂಗಿಗೆ ರಕ್ತನಾಳ ಕುಗ್ಗಿಸುವ ಹನಿ, ಮರಗಟ್ಟಿಸುವ ಲಿಗ್ನೊಕೇನ್ ಔಷಧಿಯ ನೆಬ್ಯುಲೈಸರ್, ಆಮೇಲೆ ದುರ್ಬೀನಿನ ಮೂಲಕ ಧ್ವನಿತಂತುಗಳ ಮೇಲೆ ಲಿಗ್ನೊಕೇನ್ ಸಿಂಪಡಿಕೆ. 29 ಕೆ.ಜಿ. ತೂಕದ ಮಗುವಿನಲ್ಲಿ ಈ ಎರಡೂ ಕಡೆಯ ಲಿಗ್ನೊಕೇನ್ ಒಟ್ಟು ಸೇರಿ ಮಿತಿ ದಾಟುವುದು ಬಹಳ ಸುಲಭ. ಒಬ್ಬರು ಬೋರ್ಡಿನ ಮೇಲೆ ಮಿಲಿಗ್ರಾಂ ಲೆಕ್ಕ ಬರೆಯುತ್ತಾ ಹೋಗಬೇಕು. ಟ್ರಕಿಯಾಸ್ಟಮಿ ಸೆಟ್ ಬಿಚ್ಚಿಟ್ಟು, ಕುತ್ತಿಗೆಯ ಮೇಲೆ ಗುರುತು ಹಾಕಿ, ಅದನ್ನು ಮಾಡಬಲ್ಲವರು ಕೈಗವಸು ಹಾಕಿ ನಿಂತಿರಬೇಕು. ಏನೇನು ಆಗುತ್ತದೆ ಎಂದು ಹಿಂದಿನ ದಿನವೇ ಹುಡುಗನಿಗೆ ಅವನ ಭಾಷೆಯಲ್ಲಿ ಹೇಳಿದ್ದರಿಂದ ಅವನು ಹೆದರದೆ ಸಹಕರಿಸಿದ.

ದವಡೆಯ ಕೆಳ ಅಂಚಿನಿಂದ 2 ಸೆ.ಮೀ. ಕೆಳಗೆ, ಕುತ್ತಿಗೆಯ ಮಡಿಕೆಯಲ್ಲಿ 4 ಸೆ.ಮೀ. ಉದ್ದದ ಕೊಯ್ತ. ಅಂಚಿಗೆ ಹತ್ತಿರ ಕೊಯ್ದರೆ ಕೆಳತುಟಿಯನ್ನು ಆಡಿಸುವ ನರದ ಕವಲಿಗೆ ಏಟಾಗಿ ನಗುವಾಗ ತುಟಿ ಸೊಟ್ಟಗಾಗುತ್ತದೆ. ಮುಖದ ರಕ್ತನಾಳಗಳನ್ನು ಕಟ್ಟಿ, ಅಗಿಯುವ ಸ್ನಾಯುವನ್ನು ಎಲುಬಿನಿಂದ ಎಬ್ಬಿಸಿದರೆ ದವಡೆಯ ಮೂಲೆ ಕಾಣುತ್ತದೆ.

ಕತ್ತರಿಸುವ ಮೊದಲು ಉಪಕರಣವನ್ನು ಕೂರಿಸಿ ನೋಡಬೇಕು. ನಾವು ಬಳಸಿದ್ದು ಒಳಗೆ ಹುದುಗಿಸುವ ಟೈಟೇನಿಯಂ ಡಿಸ್ಟ್ರಾಕ್ಟರ್. ಎರಡು ತಗಡು, ನಡುವೆ ಸ್ಕ್ರೂ ಕಂಬಿ, ಕಂಬಿಯ ತುದಿಯಿಂದ ಚರ್ಮದ ಹೊರಗೆ ಬರುವ ತಿರುಗಿಸುವ ಕಡ್ಡಿ. ಗರಿಷ್ಠ 25 ಮಿ.ಮೀ. ಹಿಗ್ಗುವ ಮಾದರಿ, ಪೂರ್ತಿ ಒಂದು ಸುತ್ತಿಗೆ 0.5 ಮಿ.ಮೀ. (0.3 ಮಿ.ಮೀ.ಗೆ ಒಂದು ಸುತ್ತಿನ ಮಾದರಿಗಳೂ ಇವೆ. ಪೆಟ್ಟಿಗೆಯ ಮೇಲಿನ ಅಂಕಿ ನೋಡದೆ ಯಾರೂ ಸುತ್ತು ಲೆಕ್ಕ ಹೇಳಿಕೊಡಬಾರದು.) ತಗಡುಗಳನ್ನು ಎಲುಬಿನ ಬಾಗಿಗೆ ಬಗ್ಗಿಸಿ, ಕತ್ತರಿಯ ಗೆರೆಯ ಎರಡೂ ಕಡೆ ಮೂರು ಮೂರು ಸ್ಕ್ರೂಗಳ ತೂತು ಕೊರೆದು, ಉಪಕರಣವನ್ನು ಮತ್ತೆ ತೆಗೆದಿಟ್ಟೆವು. ಎಲುಬು ಎರಡು ತುಂಡಾದ ಮೇಲೆ ಈ ಸ್ಥಾನವನ್ನು ಹುಡುಕಲು ಹೋದರೆ ಸರಿಯಾಗಿ ಸಿಗುವುದೇ ಇಲ್ಲ.

ದಿಕ್ಕನ್ನು ಒಂದು ಡಿಗ್ರಿಯೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಎಡ, ಬಲ ಎರಡೂ ಕಂಬಿಗಳು ಪರಸ್ಪರ ಸಮಾನಾಂತರವಾಗಿರಬೇಕು, ಹಲ್ಲು ಕಚ್ಚುವ ಸಮತಲಕ್ಕೂ ಸಮಾನಾಂತರವಾಗಿರಬೇಕು. ದವಡೆ ಹಿಂದೆ ಅಗಲ, ಮುಂದೆ ಕಿರಿದು. ಪ್ರತಿ ಬದಿಯ ಎಲುಬಿನ ಮೈಗೆ ಅಂಟಿಸಿ ಕೂರಿಸಿದರೆ ಎರಡು ಕಂಬಿಗಳೂ ಮುಂದೆ ಹೋಗುತ್ತಾ ಒಂದಕ್ಕೊಂದು ಹತ್ತಿರ ಬರುವ ದಿಕ್ಕು ಹಿಡಿಯುತ್ತವೆ. ಎಳೆದಂತೆ ಸ್ಕ್ರೂಗಳು ಅಡ್ಡಕ್ಕೆ ಜಗ್ಗಿ ಸಡಿಲವಾಗುತ್ತವೆ, ಇಲ್ಲವೇ ಕಂಬಿ ಬಗ್ಗಿ ತಿರುಗದೆ ನಿಲ್ಲುತ್ತದೆ. ಹಾಗಾಗಿ ಸಿ.ಟಿ.ಯಿಂದ ಮುದ್ರಿಸಿದ ಪ್ಲಾಸ್ಟಿಕ್ ದವಡೆಯ ಮೇಲೆ ಹಿಂದಿನ ವಾರವೇ ತಗಡು ಬಗ್ಗಿಸಿಟ್ಟುಕೊಂಡಿದ್ದೆವು.

ಕತ್ತರಿಯ ಗೆರೆ ಕೊನೆಯ ದವಡೆಹಲ್ಲಿನ ಹಿಂದೆ. ಅಲ್ಲೇ ಬುದ್ಧಿಹಲ್ಲಿನ ಮೊಳಕೆ ಇತ್ತು. ಅದನ್ನು ತೆಗೆದೆವು, ಅದರ ಪೊಳ್ಳಿನಲ್ಲಿ ಹೊಸ ಎಲುಬು ಸರಿಯಾಗಿ ಹುಟ್ಟುವುದಿಲ್ಲ. ಹೊರಗಿನ ಪದರವನ್ನು ಪೂರ್ತಿ, ಮೇಲಿನ ಮತ್ತು ಕೆಳಗಿನ ಅಂಚುಗಳನ್ನು ಪೂರ್ತಿ ಕತ್ತರಿಸಿ, ಒಳಗಿನ ಪದರದಲ್ಲಿ ನರ ಹಾಯುವ ಎತ್ತರದಲ್ಲಿ ಮಾತ್ರ ಉಳಿಸಿಕೊಂಡೆವು. ತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುವ ನರ ಎಲುಬಿನ ಒಳಗಿನ ಕೊಳವೆಯಲ್ಲೇ ಸಾಗುತ್ತದೆ. ಅಲ್ಲಿಗೆ ಗರಗಸ ಇಳಿಸಬಾರದು. ಉಪಕರಣವನ್ನು ಮತ್ತೆ ಕೂರಿಸಿ ಸ್ಕ್ರೂ ಬಿಗಿದ ಮೇಲೆ ಚಪ್ಪಟೆ ಉಳಿಯನ್ನು ಸೀಳಿನಲ್ಲಿಟ್ಟು ತಿರುಚಿದರೆ ಉಳಿದ ಪದರ ಬಿರಿಯುತ್ತದೆ. ಕತ್ತರಿಸುವಷ್ಟು ಹೊತ್ತೂ ತಣ್ಣನೆಯ ಸಲೈನ್ ಹರಿಯುತ್ತಿರಬೇಕು. 47 ಡಿಗ್ರಿ ಸೆಲ್ಸಿಯಸ್ ಬಿಸಿ ಒಂದು ನಿಮಿಷ ತಾಗಿದರೆ ಎಲುಬಿನ ಜೀವಕೋಶಗಳಿಗೆ ಹಾನಿ; ಸುಟ್ಟ ಅಂಚಿನಿಂದ ಹೊಸ ಎಲುಬು ಹೊರಡುವುದಿಲ್ಲ.

ಮುಚ್ಚುವ ಮೊದಲು ಎರಡೂ ಬದಿ 3 ಮಿ.ಮೀ. ತೆರೆದು ನೋಡಿದೆವು. ತುಂಡುಗಳು ಸಲೀಸಾಗಿ ಬೇರಾದವು. ಮತ್ತೆ ತಿರುಗಿಸಿ ಸೊನ್ನೆಗೆ ತಂದು ಹೊಲಿದೆವು. ಈ ಪರೀಕ್ಷೆಯನ್ನು ಬಿಟ್ಟರೆ ಒಳಪದರ ಬಿರಿಯದೆ ಉಳಿದದ್ದು ಗೊತ್ತಾಗುವುದು ವಾರ ಕಳೆದ ಮೇಲೆ, ಹೊರಗಿನ ಕಡ್ಡಿಯನ್ನು ತಿರುಗಿಸುವ ಕೀಲಿ (ಕೀಲಿಕೈ) ತಿರುಗದಿದ್ದಾಗ. ಹುಡುಗ ಪೂರ್ತಿ ಎಚ್ಚರವಾದ ನಂತರವೇ ನಳಿಗೆ ತೆಗೆದು, ಮೂಗಿನಲ್ಲಿ ಗಂಟಲಿನವರೆಗಿನ ಮೆತ್ತನೆಯ ನಳಿಗೆಯೊಂದನ್ನು ಎರಡು ರಾತ್ರಿ ಇಟ್ಟೆವು.

ಸುತ್ತಿನ ಲೆಕ್ಕ

ಮೊದಲ ಐದು ದಿನ ಏನನ್ನೂ ತಿರುಗಿಸಲಿಲ್ಲ. ಕತ್ತರಿಸಿದ ಸೀಳಿನಲ್ಲಿ ರಕ್ತ ಹೆಪ್ಪುಗಟ್ಟಿ, ಅದರೊಳಗೆ ಹೊಸ ರಕ್ತನಾಳಗಳೂ ಎಳೆಯ ಜೀವಕೋಶಗಳೂ ಸೇರಲು ಅಷ್ಟು ಸಮಯ ಬೇಕು. ಹಸುಗೂಸುಗಳಲ್ಲಿ ಎಲುಬು ಬೇಗ ಕೂಡುವುದರಿಂದ ಇದು ಒಂದೆರಡು ದಿನಕ್ಕೆ ಇಳಿಯುತ್ತದೆ. ಹರೆಯದವರಿಗೆ ಐದರಿಂದ ಏಳು ದಿನ.

ಆರನೆಯ ದಿನದಿಂದ ದಿನಕ್ಕೆ 1 ಮಿ.ಮೀ.: ಬೆಳಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು, ಎರಡೂ ಬದಿಗೆ. ದಿನಕ್ಕೆ 0.5 ಮಿ.ಮೀ.ಗಿಂತ ಮೆಲ್ಲಗೆ ಎಳೆದರೆ ಗುರಿ ಮುಟ್ಟುವ ಮೊದಲೇ ಸೀಳು ಎಲುಬಾಗಿ ಕೂಡಿಕೊಳ್ಳುತ್ತದೆ. 2 ಮಿ.ಮೀ. ಎಳೆದರೆ ಎಳೆಯ ರಕ್ತನಾಳಗಳು ಹರಿದು, ಎಲುಬಿನ ಬದಲು ನಾರು ಉಳಿಯುತ್ತದೆ. ಸರಿಯಾದ ವೇಗದಲ್ಲಿ ಸೀಳಿನ ನಡುವೆ ಎಳೆತದ ದಿಕ್ಕಿಗೇ ಸಾಲಾಗಿ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಹುಟ್ಟುತ್ತವೆ, ಎರಡೂ ಅಂಚಿನಿಂದ ಸುಣ್ಣ ಕೂರುತ್ತಾ ನಡುವಿನ ಕಡೆಗೆ ಬರುತ್ತದೆ. ಎಳೆಯುವಷ್ಟು ದಿನವೂ ನಟ್ಟನಡುವೆ ಮೆದು ಪಟ್ಟಿಯೊಂದು ಉಳಿದಿರಬೇಕು.

ಗುರಿ 18 ಮಿ.ಮೀ. ಚಾಚು 16 ಮಿ.ಮೀ. ಇದ್ದರೂ ಎರಡು ಹೆಚ್ಚು ಇಟ್ಟುಕೊಂಡದ್ದು, ಮುಂದೆ ಕೀಲು ಬಿಡಿಸುವಾಗ ದವಡೆ ತುಸು ಹಿಂದೆ ಬಂದೇ ಬರುತ್ತದೆ ಎಂಬ ಲೆಕ್ಕದಿಂದ.

ಮೊದಲ ಎರಡು ದಿನ ವಾರ್ಡಿನಲ್ಲಿ ನಾವೇ ತಿರುಗಿಸಿ ತೋರಿಸಿ, ತಾಯಿಯ ಕೈಯಲ್ಲಿ ಮಾಡಿಸಿ, ಎಂಟನೆಯ ದಿನ ಮನೆಗೆ ಕಳುಹಿಸಿದೆವು. ಕೈಗೆ ಕೊಟ್ಟ ಕಾರ್ಡು ಕನ್ನಡದ್ದು. ಕಾಸರಗೋಡಿನ ಕನ್ನಡದ ಮನೆಗಳಲ್ಲಿ ಸರ್ಕಾರಿ ಚೀಟಿ ಹೆಚ್ಚಾಗಿ ಮಲಯಾಳದ್ದು, ಮಂಗಳೂರಿನ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನದ್ದು. ಓದಲು ಬರುವುದು ಕನ್ನಡ. ಕೀಲಿ ಹಿಡಿಯುವವರು ಓದಲಾರದ ಕಾರ್ಡು ಇದ್ದೂ ಇಲ್ಲದಂತೆ. ಅದರಲ್ಲಿ ದಿನಕ್ಕೊಂದು ಸಾಲು, ಎಡ–ಬಲಕ್ಕೆ ಬೇರೆ ಬೇರೆ ಚೌಕ, ಬೆಳಗ್ಗೆ–ಸಂಜೆಗೆ ಬೇರೆ ಚೌಕ. ಕೀಲಿಯ ಹಿಡಿಯ ಮೇಲೆ ತಿರುಗಿಸುವ ದಿಕ್ಕಿಗೆ ಕೆಂಪು ಬಾಣ. ಒಂದು ಸುತ್ತು ಮುಗಿದದ್ದು ತಿಳಿಯಲು ಹಿಡಿಯ ಒಂದು ಮೈಗೆ ಬಿಳಿ ಚುಕ್ಕೆ. ಚುಕ್ಕೆ ಹೊರಟಲ್ಲಿಗೆ ಮರಳಿದರೆ ಒಂದು ಸುತ್ತು.

ಕಾಸರಗೋಡು ಪೇಟೆಯಿಂದ ಮಂಗಳೂರಿಗೆ 50 ಕಿ.ಮೀ. ಆಸುಪಾಸು, ಒಳಗಿನ ಊರುಗಳಿಂದ ಬಸ್ಸು ಬದಲಿಸಿ ಬರಬೇಕು. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಈ ಕಡೆಯ ರೋಗಿಗಳು ಮಂಗಳೂರು ತಲುಪಲಾರದೆ ಪಟ್ಟ ಪಾಡನ್ನು ಇಲ್ಲಿ ಯಾರೂ ಮರೆತಿಲ್ಲ. ದಿನವೂ ನಡೆಯಬೇಕಾದ ಚಿಕಿತ್ಸೆಯನ್ನು ಗಡಿಯಾಚೆಯ ಒಂದೇ ಆಸ್ಪತ್ರೆಗೆ ಕಟ್ಟಿಹಾಕಬಾರದು. ಆದ್ದರಿಂದ ಮನೆಯ ಹತ್ತಿರದ ದಂತವೈದ್ಯರೊಬ್ಬರಿಗೂ ಯೋಜನೆಯ ಪ್ರತಿ, ಬದಲಿ ಕೀಲಿ ಎರಡನ್ನೂ ಮುಂಚಿತವಾಗಿ ತಲುಪಿಸಿದ್ದೆವು.

ಎಡಬದಿ ಹಿಂದೆ ಬಿದ್ದದ್ದು

ಹದಿನಾಲ್ಕನೆಯ ದಿನ ಬೆಳಗ್ಗೆ, ಆ ದಿನದ ಸುತ್ತಿಗೆ ಮೊದಲು ಭೇಟಿ. ಎಂಟು ದಿನ ತಿರುಗಿಸಿದ ಲೆಕ್ಕಕ್ಕೆ ಎರಡೂ ಬದಿ 8 ಮಿ.ಮೀ. ಇರಬೇಕು. ಗದ್ದ ಎಡಕ್ಕೆ ವಾಲಿತ್ತು. ಎಕ್ಸ್‌ರೇಯಲ್ಲಿ ಬಲಗಡೆ 8, ಎಡಗಡೆ 6 ಮಿ.ಮೀ. ಕಾರ್ಡಿನಲ್ಲಿ ಎಡ–ಸಂಜೆಯ ನಾಲ್ಕು ಚೌಕಗಳು ಖಾಲಿ. ಎಡಗಡೆ ಕಡ್ಡಿ ಹೊರಬರುವ ತೂತಿನಲ್ಲಿ ಚರ್ಮ ಬಿಗಿದು ಕಡ್ಡಿಯ ಜೊತೆ ಸೆಳೆಯುತ್ತಿತ್ತು. ಸಂಜೆಯ ಹೊತ್ತಿಗೆ ಊತ ಹೆಚ್ಚಿ ಹುಡುಗ ಕೂಗುತ್ತಿದ್ದ, ತಾಯಿ ಆ ಸುತ್ತನ್ನು ಬಿಟ್ಟಿದ್ದರು. ಬಿಟ್ಟ ಚೌಕವನ್ನು ತುಂಬದೆ ಖಾಲಿಯಾಗಿ ಬಿಟ್ಟದ್ದೇ ದೊಡ್ಡ ಉಪಕಾರ. ಕಾರಣ ಹುಡುಕಲು ಬೇರೆ ಪರೀಕ್ಷೆ ಬೇಕಾಗಲಿಲ್ಲ.

ಹಿಂದೆ ಬಿದ್ದ ಬದಿ ಬೇಗ ಗಟ್ಟಿಯಾಗುತ್ತದೆಯೇ ಎಂಬುದು ಮೊದಲ ಚಿಂತೆ. ಕೀಲಿ ಸಲೀಸಾಗಿ ತಿರುಗಿತು. ತಿರುಗಿಸಿದಷ್ಟೂ ಹಲ್ಲು ಮುಂದೆ ಬರುತ್ತಿತ್ತು. ಕೀಲಿ ಬಿಗಿಯಾಗುವುದು, ಕಿವಿಯ ಕಡೆಗೆ ಹಬ್ಬುವ ಹೊಸ ನೋವು, ಸುತ್ತು ಏರಿದರೂ ಹಲ್ಲು ಕದಲದಿರುವುದು – ಈ ಮೂರು ಕಂಡರೆ ಸೀಳು ಕೂಡುತ್ತಿದೆ ಎಂದರ್ಥ, ಅರಿವಳಿಕೆ ಕೊಟ್ಟು ಮತ್ತೆ ಬಿರಿಸಬೇಕಾಗುತ್ತದೆ. ಇಲ್ಲಿ ಆ ಹಂತ ಬಂದಿರಲಿಲ್ಲ. ಮರಗಟ್ಟುವ ಚುಚ್ಚುಮದ್ದು ಕೊಟ್ಟು ತೂತಿನ ಚರ್ಮವನ್ನು 3 ಮಿ.ಮೀ. ಬಿಡಿಸಿದೆವು. ಎಡಬದಿಗೆ ನಾಲ್ಕು ದಿನ ದಿನಕ್ಕೆ ಮೂರು ಸುತ್ತು – ಬೆಳಗ್ಗೆ, ಮಧ್ಯಾಹ್ನ, ಸಂಜೆ – ಅಂದರೆ 1.5 ಮಿ.ಮೀ.; ಬಲಬದಿ ಎಂದಿನಂತೆ 1 ಮಿ.ಮೀ. ಹದಿನೇಳನೆಯ ದಿನದ ಸಂಜೆಗೆ ಎರಡೂ 12 ಮಿ.ಮೀ.ಗೆ ಬಂದವು. ಒಂದೇ ದಿನ ನಾಲ್ಕು ಸುತ್ತು ಹೆಚ್ಚು ಹಾಕಿ ಸರಿಮಾಡುವ ಆಸೆ ಮನೆಯವರಿಗೆ ಬರುತ್ತದೆ. ಅದನ್ನು ಖಡಾಖಂಡಿತ ಬೇಡ ಎನ್ನಬೇಕು, ಹರಿದ ರಕ್ತನಾಳ ಅಲ್ಲಿ ಎಲುಬು ಕಟ್ಟುವುದಿಲ್ಲ.

ಆ ಹೊತ್ತಿಗೆ ಎದುರು ಹಲ್ಲುಗಳ ನಡುವೆ 3 ಮಿ.ಮೀ. ಹೆಚ್ಚಿನ ಸಂದು ಬಿದ್ದಿತ್ತು. ನಾಲಿಗೆಯ ಕೆಳಗಿನ ಸ್ನಾಯುಗಳು ಮುಂದಿನ ತುಂಡನ್ನು ಕೆಳಕ್ಕೆ ಜಗ್ಗುವುದರಿಂದ ಇದು ಬಹುತೇಕ ಎಲ್ಲರಲ್ಲೂ ಸ್ವಲ್ಪ ಆಗುತ್ತದೆ. ಹೊಸ ಎಲುಬು ಮೆದುವಾಗಿರುವಾಗ ಅದನ್ನು ಬಾಗಿಸಬಹುದು. ಮೇಲಿನ ಮತ್ತು ಕೆಳಗಿನ ಹಲ್ಲಿನ ಬ್ರಾಕೆಟ್ಟುಗಳ ನಡುವೆ ರಬ್ಬರ್ ಬಳೆಗಳನ್ನು ಹಾಕಿ ಹಗಲೂ ರಾತ್ರಿ ಇರಿಸಿದೆವು. ಹತ್ತು ದಿನದಲ್ಲಿ ಸಂದು ಮುಚ್ಚಿತು. ಒಂದು ತಿಂಗಳು ತಡಮಾಡಿದರೆ ಈ ಕೆಲಸ ರಬ್ಬರಿನಿಂದ ಆಗುವಂಥದ್ದಲ್ಲ.

ಹತ್ತೊಂಬತ್ತನೆಯ ದಿನ ಬಲಗಡೆ ಕಡ್ಡಿಯ ಸುತ್ತ ಕೀವು. ಆಟಿ ತಿಂಗಳ ಮಳೆ, ಬಟ್ಟೆ ಒಣಗದು, ಕುತ್ತಿಗೆಯ ಮೇಲೆ ತೇವದ ಟವೆಲು. ಕುದಿಸಿ ಆರಿಸಿದ ಉಪ್ಪುನೀರಿನಿಂದ ದಿನಕ್ಕೆ ಎರಡು ಸಲ ಒರೆಸಿ, ಒಣ ಗಾಜ್ ಸುತ್ತಿ, ಐದು ದಿನ ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಎಂಬ ಆಂಟಿಬಯೋಟಿಕ್ ಕೊಟ್ಟೆವು. ಸುತ್ತು ನಿಲ್ಲಿಸಲಿಲ್ಲ. ಚರ್ಮದ ತೂತಿನ ಸೋಂಕಿಗೆ ಹೆದರಿ ಮೂರು ದಿನ ತಿರುಗಿಸದಿದ್ದರೆ ಸೋಂಕಿಗಿಂತ ದೊಡ್ಡ ನಷ್ಟವಾಗುತ್ತದೆ.

ಊಟ ಮೊದಲಿನಿಂದಲೂ ಹಲ್ಲಿನ ಸಂದಿನಲ್ಲಿ ಹೀರುವ ಕುಚ್ಚಲಕ್ಕಿ ಗಂಜಿಯ ತಿಳಿ. ಅದರಲ್ಲಿ ಹೊಟ್ಟೆ ತುಂಬುತ್ತದೆ, ಎಲುಬು ಕಟ್ಟಲು ಬೇಕಾದ ಪ್ರೋಟೀನು ಸಾಲದು. ಗಂಜಿಯನ್ನೇ ಹೆಸರುಬೇಳೆಯೊಂದಿಗೆ ಬೇಯಿಸಿ ಮಿಕ್ಸಿಯಲ್ಲಿ ಅರೆದು ಸೋಸುವುದು, ಹಾಲು ಹಾಕಿದ ರಾಗಿ ಮಣ್ಣಿ, ಮಜ್ಜಿಗೆಯ ತಂಬುಳಿ. ದಿನಕ್ಕೆ ಆರು ಸಲ, ಪ್ರತಿ ಸಲ ಒಂದು ದೊಡ್ಡ ಲೋಟ. ಪ್ರತಿ ಸಲವೂ ಬಾಯಿ ತೊಳೆಯುವುದು.

ಗಟ್ಟಿಯಾಗುವ ಕಾಲ

ಸುಮಾರು 10 ಮಿ.ಮೀ. ದಾಟಿದ ವಾರದಲ್ಲಿ ಹುಡುಗ ಮಲಗಿ ನಿದ್ದೆ ಮಾಡತೊಡಗಿದ. ಇಪ್ಪತ್ತಮೂರನೆಯ ದಿನ ಎರಡೂ ಬದಿ 18 ಮಿ.ಮೀ.; ಕೆಳಗಿನ ಎದುರು ಹಲ್ಲು ಮೇಲಿನದಕ್ಕಿಂತ 2 ಮಿ.ಮೀ. ಮುಂದೆ. ಹೊರಗಿನ ಕಡ್ಡಿಗಳನ್ನು ಬಿಚ್ಚಿದೆವು, ತೂತುಗಳು ವಾರದಲ್ಲಿ ಮುಚ್ಚಿದವು. ಉಪಕರಣ ಒಳಗೇ ಉಳಿಯಿತು.

ಇಲ್ಲಿಂದ 12 ವಾರ ಕಾಯುವುದು. ಕಣ್ಣಿಗೆ ಎಲ್ಲ ಮುಗಿದಂತೆ ಕಾಣುವ ಕಾಲ ಇದು, ಉಪಕರಣ ಬೇಗ ತೆಗೆಯಿರಿ ಎಂಬ ಒತ್ತಾಯ ಬರುವುದೂ ಈಗಲೇ. ಆರನೆಯ ವಾರದ ಎಕ್ಸ್‌ರೇಯಲ್ಲಿ ಎರಡೂ ಅಂಚಿನಿಂದ ಬಿಳಿ ಗೆರೆಗಳು ಹೊರಟು ನಡುವೆ ಕಪ್ಪು ಪಟ್ಟಿ ಉಳಿದಿತ್ತು. ಆಗ ತೆಗೆದಿದ್ದರೆ ಸ್ನಾಯುಗಳ ಸೆಳೆತಕ್ಕೆ ಹೊಸ ಎಲುಬು ಕುಗ್ಗುತ್ತಿತ್ತು. ಹನ್ನೆರಡನೆಯ ವಾರಕ್ಕೆ ಕಪ್ಪು ಪಟ್ಟಿ ಇಲ್ಲ, ಕೆಳ ಅಂಚಿನ ಗಟ್ಟಿ ಪದರದ ಗೆರೆ ಒಂದು ತುಂಡಿನಿಂದ ಇನ್ನೊಂದಕ್ಕೆ ಕಡಿಯದೆ ಹಾಯುತ್ತಿತ್ತು. ಈ ಗೆರೆ ಕಾಣದೆ ನಾವು ಉಪಕರಣ ತೆಗೆಯುವುದಿಲ್ಲ.

ಅದೇ ವಾರದ ನಿದ್ರಾ ಪರೀಕ್ಷೆಯಲ್ಲಿ ಉಸಿರು ನಿಲ್ಲುವುದು ಗಂಟೆಗೆ 6 ಸಲಕ್ಕೆ ಇಳಿದಿತ್ತು, ಆಮ್ಲಜನಕ ಶೇ. 90ಕ್ಕಿಂತ ಕೆಳಗೆ ಹೋಗಲಿಲ್ಲ. ನಾಲಿಗೆಯ ಹಿಂದಿನ ದಾರಿ 10 ಮಿ.ಮೀ. ಹಾಸಿಗೆ ಒದ್ದೆಯಾಗುವುದು ನಿಂತಿತ್ತು. ಮೊದಲ ಶಸ್ತ್ರಕ್ರಿಯೆಯ ನಂತರ ಕೆಳತುಟಿಯಲ್ಲಿದ್ದ ಜೋಮು ಬಲಗಡೆ ಹೋಗಿತ್ತು, ಎಡಗಡೆ ಇನ್ನೂ ಸ್ವಲ್ಪ ಇತ್ತು. ಅದು ಐದನೆಯ ತಿಂಗಳಿಗೆ ಸರಿಹೋಯಿತು.

ಎರಡನೆಯ ಶಸ್ತ್ರಕ್ರಿಯೆ

ಈ ಸಲವೂ ಬಾಯಿ ತೆರೆಯದು, ಈ ಸಲವೂ ಮೂಗಿನ ದುರ್ಬೀನು. ಆದರೆ ದಾರಿ ಅಗಲವಾಗಿತ್ತು. ಹಳೆಯ ಕಲೆಯ ಮೇಲೇ ಕೊಯ್ದು ಡಿಸ್ಟ್ರಾಕ್ಟರ್‌ಗಳನ್ನು ತೆಗೆದೆವು. ಆಮೇಲೆ ಕಿವಿಯ ಮುಂದಿನ ಕೊಯ್ತದಿಂದ ಎಲುಬಿನ ಮುದ್ದೆ ತಲುಪಿ, ಎರಡೂ ಕಡೆ 10ರಿಂದ 12 ಮಿ.ಮೀ. ಸಂದು ಮಾಡಿದೆವು. ಒಳಬದಿಯಲ್ಲಿ ಮುದ್ದೆಗೆ ತಾಗಿಯೇ ದೊಡ್ಡ ರಕ್ತನಾಳ ಹಾಯುತ್ತದೆ; ಸಿ.ಟಿ.ಯಲ್ಲಿ ದಪ್ಪ ಅಳೆದಿಟ್ಟುಕೊಂಡು, ಕೊನೆಯ ಪದರವನ್ನು ಕೊರೆಯದೆ ಉಳಿಯಿಂದ ಬಿರಿಸಿದೆವು. ಸಂದು ಆದರೂ ಬಾಯಿ 22 ಮಿ.ಮೀ.ಗೆ ನಿಂತಿತು. ವರ್ಷಗಟ್ಟಲೆ ಆಡದ ದವಡೆಯಲ್ಲಿ ಕೀಲಿನ ಮುಂದಿರುವ ಕೊರೊನಾಯ್ಡ್ ಮುಳ್ಳು ಉದ್ದ ಬೆಳೆದು, ಅದಕ್ಕೆ ಅಂಟಿದ ಸ್ನಾಯು ಕುಗ್ಗಿರುತ್ತದೆ. ಎರಡೂ ಕಡೆ ಅದನ್ನು ತೆಗೆದ ಮೇಲೆ 37 ಮಿ.ಮೀ. ಆಯಿತು, ಮೇಜಿನ ಮೇಲೆ 35 ದಾಟದೆ ನಿಲ್ಲಿಸಬಾರದು, ಆಮೇಲೆ ವ್ಯಾಯಾಮದಿಂದ ಅದು ಹೆಚ್ಚುವುದಿಲ್ಲ. ಮತ್ತೆ ಬೆಸೆಯದಂತೆ ಕಿವಿಯ ಮೇಲಿನ, ತಲೆಯ ಬದಿಯ ಸ್ನಾಯುವಿನ ಪೊರೆಯನ್ನು ಸಂದಿನೊಳಗೆ ಮಡಚಿ ಹೊಲಿದೆವು.

ಎರಡೂ ಬದಿ ಹಿಂಬದಿಯ ಎತ್ತರ ಕುಗ್ಗಿದ್ದರಿಂದ ಹಿಂದಿನ ಹಲ್ಲು ಮೊದಲು ತಾಗಿ ಎದುರು ಹಲ್ಲು ತೆರೆದುಕೊಳ್ಳುತ್ತದೆ, ದವಡೆ ತುಸು ಹಿಂದಕ್ಕೆ ಸರಿಯುತ್ತದೆ. ಹೆಚ್ಚುವರಿಯಾಗಿ ಇಟ್ಟುಕೊಂಡಿದ್ದ 2 ಮಿ.ಮೀ. ಇಲ್ಲಿ ಖರ್ಚಾಯಿತು. ರಾತ್ರಿ ಹೊತ್ತು ರಬ್ಬರ್ ಬಳೆ, ಹಗಲು ವ್ಯಾಯಾಮ.

ವ್ಯಾಯಾಮ ಎರಡನೆಯ ದಿನದಿಂದ. ಐಸ್‌ಕ್ಯಾಂಡಿ ಕಡ್ಡಿಗಳನ್ನು ಅಟ್ಟಿಗಟ್ಟಿ ಎದುರು ಹಲ್ಲಿನ ನಡುವೆ ಇಡುವುದು. ನಮ್ಮಲ್ಲಿ ಸಿಗುವ ಕಡ್ಡಿ ಸುಮಾರು 2 ಮಿ.ಮೀ. ದಪ್ಪ, ಹತ್ತರಿಂದ ಆರಂಭಿಸಿ ಎರಡು ದಿನಕ್ಕೊಂದರಂತೆ ಏರಿಸಿ ಹದಿನಾರಕ್ಕೆ. ದಿನಕ್ಕೆ ಐದು ಹೊತ್ತು, ಪ್ರತಿ ಹೊತ್ತು ಹತ್ತು ನಿಮಿಷ, ಅರ್ಧ ಗಂಟೆ ಮೊದಲು ನೋವಿನ ಮಾತ್ರೆ. ನೋವು ಬಂದ ಮೇಲೆ ಮಾತ್ರೆ ಕೊಡುವ ಮನೆಗಳಲ್ಲಿ ಮಗು ಮೂರನೆಯ ವಾರಕ್ಕೆ ಕಡ್ಡಿ ಕಂಡರೆ ಓಡುತ್ತದೆ.

ಆರನೆಯ ತಿಂಗಳಿಗೆ ಬಾಯಿ ತಾನಾಗಿ 33 ಮಿ.ಮೀ. ತೆರೆಯುತ್ತಿತ್ತು, ತೂಕ 35 ಕೆ.ಜಿ. ಮೊದಲ ಸಲ ಹಲ್ಲಿನ ಒಳಮೈಗೆ ಬ್ರಷ್ಷು ಮುಟ್ಟಿತ್ತು. ಏಳು ಹುಳುಕು ಹಲ್ಲುಗಳ ಚಿಕಿತ್ಸೆಯನ್ನು ಊರಿನ ದಂತವೈದ್ಯರೇ ಮಾಡುತ್ತಿದ್ದಾರೆ. ಗದ್ದದ ತುದಿ ಇನ್ನೂ ಗಿಡ್ಡ. ಅದನ್ನು ಮುಂದೆ ತರುವ ಸಣ್ಣ ಶಸ್ತ್ರಕ್ರಿಯೆ 18 ದಾಟಿದ ಮೇಲೆ, ಅವನಿಗೆ ಬೇಕೆನಿಸಿದರೆ ಮಾತ್ರ. ಕಡ್ಡಿಯ ವ್ಯಾಯಾಮ ಕನಿಷ್ಠ ಒಂದು ವರ್ಷ ನಡೆಯಬೇಕು; ತಿಂಗಳಿಗೊಮ್ಮೆ ಹೋಗುವ ಕಡ್ಡಿಗಳ ಎಣಿಕೆಯನ್ನು ಹಳೆಯ ಕಾರ್ಡಿನ ಹಿಂಬದಿಯಲ್ಲೇ ಬರೆಯುತ್ತಾರೆ. ಎರಡು ತಿಂಗಳ ನಡುವೆ ಮೂರು ಕಡ್ಡಿ ಕಡಿಮೆಯಾದರೆ ಮುಂದಿನ ಭೇಟಿಗೆ ಕಾಯದೆ ಬರಲು ಹೇಳಿದ್ದೇವೆ, ಆ ದಿನವೇ ಸಿ.ಟಿ. ಮಾಡಿಸುತ್ತೇವೆ.